ಎರಡು ಸಲ ಕೇಳಿದ ಪ್ರಶ್ನೆ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನನ್ನ ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದು ಕೂತಿದ್ದೀಯಲ್ಲ, ಅದಕ್ಕೇ ಈ ಕಾಗದ. ಹರಿದು ಬಿಸಾಡುವುದಾದರೂ ಓದಿ ಬಿಸಾಡು. ಜಗಳವಾಡಲೂ ನೀನು ಸಿಗದೆ ನಾಲ್ಕು ತಿಂಗಳಾಯಿತು. ನಿನ್ನ ಮನೆಯ ಬಾಗಿಲು ನನಗೆ ಮತ್ತೆ ತೆರೆಯಬೇಕು. ಅಷ್ಟಕ್ಕೇ ಬರೆಯುತ್ತಿದ್ದೇನೆ.

ಅವತ್ತಿನದನ್ನು ಸುತ್ತಿ ಬಳಸದೆ ಒಪ್ಪಿಕೊಳ್ಳುತ್ತೇನೆ. ನೀನು ಕಾಫಿ ಮಾಡುತ್ತಿದ್ದಾಗ ನಾನು ಪುಟ್ಟಿಯ ಕೋಣೆಗೆ ಹೋಗಿ ಹಾಸಿಗೆ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದೆ. ಫ್ರಿಜ್ಜು ತೆಗೆದು ಹಾಲಿದೆಯೇ ಎಂದು ನೋಡಿದೆ. ಆಮೇಲೆ ಅವಳ ಮುಂದೆ ಮಂಡಿಯೂರಿ, ಮೊಣಕೈ ಗಾಯ ಹೇಗಾಯಿತೆಂದು ಕೇಳಿದೆ. ಸೈಕಲ್ಲಿಂದ ಬಿದ್ದೆ ಚಿಕ್ಕಮ್ಮಾ ಅಂದಳು. ಅಲ್ಲಿಗೆ ತೆಪ್ಪಗಿರಬಾರದಿತ್ತೇ ನಾನು! ಅಡುಗೆಮನೆಗೆ ಬಂದು, ಏನೂ ಗೊತ್ತಿಲ್ಲದವಳ ಹಾಗೆ ಅದೇ ಪ್ರಶ್ನೆಯನ್ನು ನಿನಗೂ ಕೇಳಿದೆ. ಸೈಕಲ್ಲು ಅಂದೆ ನೀನು. ಎರಡೂ ಉತ್ತರ ತಾಳೆಯಾಯಿತೆಂದು ನಾನು ತಲೆಯಾಡಿಸಿದೆ. ಅಷ್ಟರಲ್ಲಿ ಪುಟ್ಟಿ ಬಂದು, ನನ್ನನ್ನೂ ಇದನ್ನೇ ಕೇಳಿದೆಯಲ್ಲ ಚಿಕ್ಕಮ್ಮಾ ಅಂದುಬಿಟ್ಟಳು. ನಿನ್ನ ಮುಖ ಕಪ್ಪಿಟ್ಟಿತು. ಪಾಸಾದೆನಾ ನಾನು ಎಂದು ಕೇಳಿ, ಲೋಟವನ್ನು ನನ್ನ ಮುಂದೆ ಕುಕ್ಕಿ ನೀನು ಒಳಗೆ ಹೋದೆ. ಅನುಮಾನ ಪಟ್ಟವಳು ಒಡಹುಟ್ಟಿದವಳೇ ಆದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ನಿನಗೆ ಹೇಳದೆ ಮುಚ್ಚಿಟ್ಟದ್ದು ಒಂದಿದೆ. ಅದರ ಹಿಂದಿನ ವಾರ ಮಕ್ಕಳ ರಕ್ಷಣೆಯ ನಮ್ಮ ಕಚೇರಿಗೆ ದೂರು ಬಂದು ಒಂದು ಮನೆಗೆ ಹೋಗಿದ್ದೆ. ಒಪ್ಪವಾದ ಮನೆ, ನಗುನಗುತ್ತ ಮಾತಾಡಿಸಿದ ತಾಯಿ, ಆರು ವರ್ಷದ ಮಗಳು. ಮಗುವಿನ ಕೈ ಮೇಲಿನ ಗಾಯ ತೋರಿಸಿದರೆ, ಮೆಟ್ಟಿಲಿಂದ ಬಿದ್ದಳು ಅಂದಳು ತಾಯಿ. ನಂಬಿದೆ. ಮಗುವನ್ನು ಬೇರೆಯಾಗಿ ಕೂರಿಸಿ ಕೇಳಲಿಲ್ಲ. ಮೂರೇ ದಿನಕ್ಕೆ ಅದು ಕೈ ಮುರಿದುಕೊಂಡು ಆಸ್ಪತ್ರೆ ಸೇರಿತು. ಮಂಚದ ಪಕ್ಕ ಕೂತು ಕೇಳಿದಾಗ, ಅಮ್ಮನೇ ಹೊಡೆದದ್ದು, ಮೊದಲೇ ಕೇಳಿದ್ದರೆ ಹೇಳ್ತಿದ್ದೆ ಅಂದಿತು. ಆಮೇಲೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಕಂಡ ಕಂಡ ಮಕ್ಕಳ ಮೊಣಕೈ ನೋಡುತ್ತಿದ್ದೆ, ಕೊನೆಗೆ ನಿನ್ನ ಮನೆಯಲ್ಲೂ. ನಮ್ಮ ಮೇಲಧಿಕಾರಿಯಮ್ಮ ಎದುರಿಗೆ ಕೂರಿಸಿಕೊಂಡು, ಗುರುತಿನ ಚೀಟಿಯನ್ನು ಸಂಜೆ ಡ್ರಾಯರಿನಲ್ಲೇ ಬಿಟ್ಟು ಮನೆಗೆ ಹೋಗು ಅಂದರು. ಈಗ ಹಾಗೇ ಮಾಡುತ್ತಿದ್ದೇನೆ.

ಆ ಮಗು ಈಗ ಅಜ್ಜಿಯ ಹತ್ತಿರ ಇದೆ. ತಾಯಿ ವಾರಕ್ಕೊಮ್ಮೆ ನಮ್ಮ ಭೇಟಿ ಕೋಣೆಗೆ ಬರುತ್ತಾಳೆ, ನಾನು ಮೂಲೆಯ ಕುರ್ಚಿಯಲ್ಲಿ ಕಾವಲು. ಮೊದಮೊದಲು ನನ್ನನ್ನು ಬಾಯಿಗೆ ಬಂದಂತೆ ಬೈದಳು. ಮಗು ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಕೋಪ ತಡೆಯುವುದನ್ನು ಕಲಿಸುವ ತರಗತಿಯನ್ನು ಅವಳು ಒಂದು ದಿನವೂ ತಪ್ಪಿಸಿಲ್ಲ. ಮೊನ್ನೆ ಗುರುವಾರ ಮಗು ತಾನಾಗಿ ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಯಿತು. ಸಮಯ ಮುಗಿದರೂ ನಾನು ಇಪ್ಪತ್ತು ನಿಮಿಷ ಎಬ್ಬಿಸಲಿಲ್ಲ. ಹೋಗುವಾಗ ಅವಳು, ನೀವು ತಡೆಯದಿದ್ದರೆ ಇನ್ನೇನು ಮಾಡಿಬಿಡುತ್ತಿದ್ದೆನೋ ಎಂದು ನನ್ನ ಕೈ ಹಿಡಿದಳು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಅತ್ತೆ, ಸಂತೋಷಕ್ಕೆ. ಅವಳಿಗೇ ನನ್ನ ಮೇಲಿನ ಸಿಟ್ಟು ಇಳಿಯಿತು, ನಿನಗೆ ಇಳಿಯುವುದಿಲ್ಲವೇ?

ಭಾವನಿಗೆ ನಮಸ್ಕಾರ. ಪುಟ್ಟಿಗೆ ಮುತ್ತು. ಗಾಯ ಮಾಯಿತೇ ಎಂದು ಮಾತ್ರ ಕೇಳುವುದಿಲ್ಲ!

ಚಿಕ್ಕಂದಿನಲ್ಲಿ ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳನ್ನೆಲ್ಲ ತೆಗೆದು ನೋಡಿ ನಿನ್ನಿಂದಲೇ ಹೆಸರು ಪಡೆದ,
ನಿನ್ನ ಡಬ್ಬಿಕಳ್ಳಿ

ತಾ.ಕ.: ಅಷ್ಟಕ್ಕೇ ಬರೆಯುತ್ತಿದ್ದೇನೆ ಅಂದದ್ದು ಪೂರ್ತಿ ನಿಜವಲ್ಲ. ನೋಡಿಕೊಳ್ಳುವವರಿಲ್ಲದ ಒಂದು ಮಗುವನ್ನು ನನ್ನ ಮನೆಯಲ್ಲಿಟ್ಟು ಸಾಕಲು ಅರ್ಜಿ ಹಾಕಿದ್ದೇನೆ. ನಾನು ಅಲ್ಲಿಯವಳೇ ಆದ್ದರಿಂದ ನಮ್ಮ ಕಚೇರಿಯವರು ಪರಿಶೀಲಿಸುವಂತಿಲ್ಲ. ಬರುವ ಮಂಗಳವಾರ ಬೇರೆ ಊರಿನ ಅಧಿಕಾರಿ ಬಂದು ನನ್ನ ಹಾಸಿಗೆ, ಫ್ರಿಜ್ಜು, ಡಬ್ಬಿಗಳನ್ನೆಲ್ಲ ನೋಡುತ್ತಾರೆ. ನಿನ್ನೆಯಿಂದ ಮೂರು ಸಲ ಫ್ರಿಜ್ಜು ಒರೆಸಿದೆ. ನಿನಗೆ ಅವತ್ತು ಹೇಗಾಗಿತ್ತೆಂದು ಈಗ ತಿಳಿಯಿತು. ನನ್ನನ್ನು ಚೆನ್ನಾಗಿ ಬಲ್ಲ ಒಬ್ಬರ ಹೆಸರು ಕೇಳಿದರು, ನಿನ್ನದು ಕೊಟ್ಟೆ. ನಾನು ಎಂಥವಳೆಂದು ಮೊದಲು ನನ್ನನ್ನು ಕೇಳುತ್ತಾರೆ, ಆಮೇಲೆ ಬೇರೆಯಾಗಿ ನಿನ್ನನ್ನು. ನಿನ್ನ ಮನೆಯಲ್ಲಿ ಮಾಡಿದ್ದನ್ನೂ ನಾನು ಬರೆದುಕೊಟ್ಟಿದ್ದೇನೆ. ನೀನೂ ಇದ್ದದ್ದು ಇದ್ದ ಹಾಗೆ ಹೇಳು. ಅವರ ಫೋನನ್ನಾದರೂ ಎತ್ತು ಅಕ್ಕಾ.