ಮೈಕಿನಲ್ಲಿ ಹೇಳಿದ ಹೆಸರು

ಎಸ್ತರ್,

ಹಿರೇಗುಂಟನೂರಿಗೆ ಹೊರಟಿದ್ದೇನೆ. ಪಕ್ಕದ ಮನೆಯ ಮುದ್ದಕ್ಕ ಮಗಳು ಅನುಷಾಳನ್ನು ಕರೆದುಕೊಂಡು ಬೆಳಿಗ್ಗೆಯೇ ಅಲ್ಲಿರುವ ತನ್ನ ತಮ್ಮನ ಮನೆಗೆ ಹೋಗಿದ್ದಾಳೆ. ಸಾರು ಇದೆ, ಬಿಸಿ ಮಾಡಿಕೋ. ಅನ್ನಕ್ಕೆ ನೀನೇ ಇಟ್ಟುಕೋ.

ನಡೆದದ್ದು ನಿನಗೂ ಗೊತ್ತಿರಲಿ. ಚರ್ಚಿನ ಸಭೆಯವರೆಲ್ಲ ಬೀದಿಯಲ್ಲಿ ಮನೆಮನೆಗೆ ಹೋಗಿ ಕಷ್ಟಸುಖ ಕೇಳಿದೆವಲ್ಲ, ಅಂದು ಮುದ್ದಕ್ಕ ನನ್ನನ್ನು ಅಡುಗೆಮನೆಗೆ ಕರೆದು, ಅನುಷಾ ಗಂಡನನ್ನು ಬಿಟ್ಟು ಬಂದಿರುವುದನ್ನು ಹೇಳಿದಳು. "ಯಾರಿಗೂ ಅನ್ಬ್ಯಾಡ ಕಣಕ್ಕ, ನಿನ್ ದೇವ್ರಿಗೆ ಮಾತ್ರ ಹೇಳು" ಎಂದಳು. ನಾನು ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ಎಲ್ಲರ ಕಷ್ಟ ಹೇಳುವ ಹಾಗೆಯೇ, ಹೆಸರು ಹಿಡಿದು ಮೈಕಿನಲ್ಲಿ ಪ್ರಾರ್ಥನೆ ಮಾಡಿಬಿಟ್ಟೆ. ಸ್ಪೀಕರು ಬೀದಿಯ ಕಡೆಗಿದೆ ಎಂಬುದು ಆಗ ನೆನಪಿಗೇ ಬರಲಿಲ್ಲ.

ನಿನ್ನೆ ನಲ್ಲಿಯ ಹತ್ತಿರ ಮುದ್ದಕ್ಕ ಎಲ್ಲರೆದುರು ಕೇಳಿದಳು: "ಏನಕ್ಕ, ನಿಮ್ ದೇವ್ರಿಗೆ ಕಿವಿ ಮಂದನಾ? ಮೈಕ್ ಬೇಕಾತಾ?" ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದುಬಿಟ್ಟೆ.

ಮುದ್ದಕ್ಕನ ಮೇಕೆಗೆ ನೀರಿಡು, ಹಗ್ಗ ಬಿಚ್ಚಬೇಡ. ಬುಧವಾರದ ಮನೆಭೇಟಿಗೆ ಪಾಸ್ಟರ್ ಅಯ್ಯನವರು ಕರೆದರೆ ಅಮ್ಮ ಬರುವುದಿಲ್ಲ ಎನ್ನು. ಕಾರಣ ಹೇಳಬೇಡ, ಅದಕ್ಕೂ ಪ್ರಾರ್ಥನೆ ಮಾಡೋಣ ಎಂದಾರು. ಬೀದಿಯಲ್ಲಿ ಯಾರಾದರೂ ಅನುಷಾಳ ಮಾತು ಎತ್ತಿದರೆ ಸುಮ್ಮನೆ ಒಳಗೆ ಬಾ.

ಮುದ್ದಕ್ಕ ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ತಪ್ಪಾಯಿತೆಂದು ಮೊದಲು ಅನುಷಾಳಿಗೆ ಹೇಳಬೇಕು. ಆ ಹುಡುಗಿ ನಮ್ಮನ್ನು ಏನೂ ಕೇಳಿರಲಿಲ್ಲ.

ಅಮ್ಮ