ಎರಡನೇ ಬಾಗಿಲಿನ ತಾಲೀಮು

ಮಾರ್ಚ್ 4, ಸಂಜೆ

ಕೇಳಿರಿ ಮಹಾಜನಗಳೇ, ಗೋಡೆಗಳೇ, ಗೊರಗುಟ್ಟುವ ಫ್ಯಾನೇ. ಇಂದೂ ತಾಲೀಮು. ಬಾಡಿಗೆ ಮನೆಗಳಿಗೆಲ್ಲ ಎರಡನೇ ಬಾಗಿಲು ಕಡ್ಡಾಯ ಮಾಡಿ ಅಂತ ನಮ್ಮ ಹುಡುಗರ ಗುಂಪು ಕರಡು ನಿಯಮ ಬರೆದಿದೆ. ಎಂಟರಂದು ನಗರಸಭೆಯಲ್ಲಿ ವಿಚಾರಣೆ. ಸಾಕ್ಷಿ— ಬಡಗಿ. ಒಂದೇ ಬಾಗಿಲಿನ ಬಾಡಿಗೆ ಮನೆಗೆ ಬೆಂಕಿ ಬಿದ್ದು ಅವನ ಹೆಂಡತಿ ಒಳಗೇ ಸುಟ್ಟುಹೋದಳು. ತಾಲೀಮಿನಲ್ಲಿ ಮಾಲೀಕರ ವಕೀಲನ ಪಾತ್ರ ನನ್ನದು. ಗುಂಪಿನ ಮುಂದಾಳು ನನ್ನಕ್ಕ. ಅವಳ ಅಪ್ಪಣೆ: "ಕರುಣೆ ಗಿರುಣೆ ತೋರಿಸ್ಬೇಡ ಕಣೋ. ಅಲ್ಲಿ ಯಾರೂ ತೋರಿಸಲ್ಲ."

ನಾಟಕದ ಹುಚ್ಚಿನವನು ನಾನು, ನನಗೆ ಹೇಳಬೇಕೆ? ಖಳನ ಪಾತ್ರ ಅಂದರೆ ಗಂಟಲು ತಾನೇ ಏರುತ್ತೆ.

ಮಾರ್ಚ್ 6, ಆಸ್ಪತ್ರೆ

ಎರಡು ಹಲ್ಲು ಹೋದವು. ತುಟಿಗೆ ಹೊಲಿಗೆ.

ಆಗಿದ್ದಿಷ್ಟು. ತಾಲೀಮಿನಲ್ಲಿ ಬಡಗಿಯತ್ತ ಗುಡುಗಿದೆ— "ಹೊರಗಿನಿಂದ ಬೀಗ ಜಡಿದವರು ಯಾರು? ಕೀಲಿ ಯಾರ ಜೇಬಿನಲ್ಲಿತ್ತು?" ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ. ಬಾಯಿಗೆ ಬಂತು, ಒದರಿದೆ. ಬಡಗಿಯ ಮುಖ ಬಿಳಿಚಿತು. ಕಬ್ಬಿಣದ ಕುರ್ಚಿ ಮೇಲೆದ್ದದ್ದು ಕಂಡೆ, ಅಷ್ಟೇ. ಬಿದ್ದ ಮೇಲೂ ಬಡಿದನಂತೆ. ಗೋಡೆಗೆಲ್ಲ ನನ್ನ ರಕ್ತ.

ಅಕ್ಕ ಈಗ ಹೇಳಿದಳು... ಕೀಲಿ ನಿಜಕ್ಕೂ ಅವನ ಜೇಬಿನಲ್ಲಿತ್ತು. ಬೆಂಕಿ ಬಿದ್ದ ದಿನ ಮುಂಜಾನೆ ಕೆಲಸಕ್ಕೆ ಹೊರಟವನು, ಮಲಗಿದ್ದವಳನ್ನು ಎಬ್ಬಿಸೋದು ಬೇಡ ಅಂತ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದ. ಕುರ್ಚಿ ಕಿತ್ತುಕೊಂಡ ಮೇಲೆ ಅವನೇ ಬಾಯಿಬಿಟ್ಟನಂತೆ.

ಮಾರ್ಚ್ 7, ಬೆಳಗ್ಗೆ

ಮಾಲೀಕರ ಸಂಘದ ಮ್ಯಾನೇಜರ್ ಬಂದ. ಹಿಂದೆ ಎರಡು ಗೂಳಿ, ಕೂಲಿ ರೌಡಿಗಳು.

"ತಮ್ಮಾ, ಆ ಬಡಗಿ ಮೇಲೆ ಕೊಲೆ ಪ್ರಯತ್ನ ಅಂತ ಕಂಪ್ಲೇಂಟ್ ಕೊಡು. ನಾಳೆ ವಿಚಾರಣೆಗೆ ಮುಂಚೇನೇ ಪೊಲೀಸ್ನೋರು ಅವನನ್ನ ಎತ್ತಾಕ್ಕೊಂಡು ಹೋಗ್ತಾರೆ. ಪೀಡೆ ತೊಲಗುತ್ತೆ."

ಕೊಡಲ್ಲ ಅಂದೆ. ಒಂದು ಗೂಳಿ ಕೈ ತಿರುಚಿ ಹಿಡಿಯಿತು. ಇನ್ನೊಂದು ಹೊಲಿಗೆಗೆ ಹೆಬ್ಬೆರಳು ಕೊಟ್ಟು ಒತ್ತಿತು. ದಾರ ಕಿತ್ತು ಬಂತು. ಕಟ್ಟಕಡೆಯ ಬೆಂಚಿಗೂ ಕೇಳುವಂತೆ ಅರಚಿದೆ. ನರ್ಸ್ ಓಡಿ ಬಂದಳು, ಅವರು ಜಾಗ ಖಾಲಿ ಮಾಡಿದರು.

ಮತ್ತೆ ಹೊಲಿದರು.

ಅದೇ ದಿನ, ಸಂಜೆ

ಬಡಗಿ ಬಂದ. ಮಂಚದ ಕಾಲ ಬಳಿ ನಿಂತ. ಕ್ಷಮೆ ಗಿಮೆ ಇಲ್ಲ.

"ನಾಳೆ ಆ ವಕೀಲರೂ ಕೀಲಿ ವಿಷ್ಯಾನೇ ಕೇಳ್ತಾರಾ?"

"ಕೇಳದೆ ಬಿಡ್ತಾರಾ?"

"ಹಂಗಾದ್ರೆ ಇನ್ನೊಂದ್ಸಲ ಕೇಳು."

"ಮೊದ್ಲು ಆ ಕುರ್ಚಿ ದೂರ ಇಡಣ್ಣಾ."

ನಗಲಿಲ್ಲ. ಆದರೆ ಇಟ್ಟ. ಕೇಳಿದೆ, ಅದೇ ದನಿಯಲ್ಲಿ. ಅವನ ಮುಷ್ಟಿ ಬಿಗಿಯಿತು, ಮೇಲೆದ್ದಿತು... ಅಲ್ಲೇ ನಿಂತಿತು.

"ನನ್ನ ಜೇಬಲ್ಲಿತ್ತು. ಬೀಗ ಹಾಕಿದ್ದೂ ನಾನೇ. ಇನ್ನೊಂದು ಬಾಗಿಲು ಇದ್ದಿದ್ರೆ, ನಾನು ಮಾಡಿದ್ದಕ್ಕೆ ಅವಳು ಸಾಯ್ತಿರ್ಲಿಲ್ಲ."



ನಾಳೆ ಬೆಳಗ್ಗೆ ಡಾಕ್ಟರ್ ಬಿಟ್ಟರೂ ಸರಿ, ಬಿಡದಿದ್ದರೂ ಸರಿ, ಹೊರಟೆ. ಬಡಗಿಯ ಬಲಗಡೆ ನಾನೇ ಕೂರುವವನು. ಗೂಳಿಗಳು ಬಂದರೆ ಮೊದಲ ಏಟು ನನಗೆ. ವಕೀಲ ಆ ಪ್ರಶ್ನೆ ಎತ್ತಿದ ಕೂಡಲೇ ಬಡಗಿಯ ಮುಷ್ಟಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು, ಅವನೇ ಉತ್ತರ ಹೇಳಲಿ ಅಂತ ಕೂರುತ್ತೇನೆ.