ಕೇಳಿದ ಮೇಲೆ ಹುಯ್ಯುವ ದೋಸೆ

ಬಸವನಗುಡಿ
೧೨ ಆಗಸ್ಟ್ ೧೯೯೯

ಪ್ರೀತಿಯ ಆತ್ರೇಯ,

ನೆಗಡಿ ಇಳಿಯಿತೇ? ಪುಣೆಯ ಮಳೆಯಲ್ಲಿ ತಲೆ ನೆನೆಸಿಕೊಂಡು ಓಡಾಡಬೇಡ. ಅತ್ತೆಯ ಮಂಡಿನೋವು ಪರವಾಗಿಲ್ಲ, ನಿನ್ನೆ ದೊಡ್ಡ ಗಣಪತಿ ಗುಡಿಯವರೆಗೂ ನಡೆದು ಬಂದರು. ಇ-ಮೇಲ್ ಬಿಟ್ಟು ಕಾಗದವೇಕೆ ಎನ್ನುತ್ತೀಯ. ಅಲ್ಲಿ ನೀನೂ ನಿನ್ನ ಆಫೀಸಿನ ಅಕ್ಷಯಾಳೂ ಒಂದೇ ಕಂಪ್ಯೂಟರಿನ ಮುಂದೆ ಕೂರುತ್ತೀರಂತಲ್ಲ, ಅದಕ್ಕೆ.

ಅವಳು ಬರೆದದ್ದನ್ನು ನೋಡಿದೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ನಾವಿಬ್ಬರೂ ಊಟದ ಮೇಜಿನ ಮೇಲೆ ಕಟ್ಟಿದ ‘ಕಡಲೆ’ ಭಾಷೆಗೆ ಮೂರನೆಯವಳೊಬ್ಬಳು ಕೈ ಹಾಕಿದ್ದಾಳೆ. ಮುಂದಿನ ಶನಿವಾರ ಅಲ್ಲಿನ ಮೇಷ್ಟ್ರುಗಳ ಸಭೆಯಲ್ಲಿ ಅದನ್ನು ತೋರಿಸುವವರೂ ನೀವಿಬ್ಬರೇ ಅಂತೆ! ಆ ಭಾಷೆಯಲ್ಲಿ ಅಂಕಿಗಳನ್ನು ಸಾಲಾಗಿ ಕೊಡುವುದಕ್ಕೆ ನಾನು ಮಾಡಿದ ‘ಪಟ್ಟಿ’ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುತ್ತಿತ್ತು. ಕೊನೆಯಿಲ್ಲದ ಎಣಿಕೆ ಕೊಟ್ಟರೆ ಕಂಪ್ಯೂಟರ್ ನಿಂತೇ ಹೋಗುತ್ತಿತ್ತು. ಅವಳದು ಕೇಳಿದಷ್ಟನ್ನೇ, ಕೇಳಿದಾಗಲೇ ಲೆಕ್ಕ ಮಾಡುತ್ತದೆ. ಐದು ಸಾಕೆಂದರೆ ಐದೇ. ಚೆನ್ನಾಗಿದೆ, ನನ್ನ ಹೊಟ್ಟೆ ಉರಿಯುವಷ್ಟು ಚೆನ್ನಾಗಿದೆ. “ಎಂಥಾ ತಲೆ ಕಣೇ ಅವಳ್ದು!” ಅಂತ ನೀನು ಫೋನಿನಲ್ಲಿ ಹೇಳಿದ್ದನ್ನೇ ಹೇಳಿದೆ. ನನ್ನ ತಲೆಯ ವಿಷಯ ನೀನು ಕೊನೆಯ ಸಲ ಎತ್ತಿದ್ದು ಎಣ್ಣೆ ಹಚ್ಚಿಕೋ ಎನ್ನುವುದಕ್ಕೆ.

ಇದೇನು ನನಗೆ ಹೊಸದೇ? ನಿಮ್ಮ ಮನೆಯ ದೋಸೆಯೇ ಹೀಗಲ್ಲವೇ! ಶ್ರೀರಾಂಪುರದಲ್ಲಿ ನಮ್ಮಮ್ಮ ಎಲ್ಲವನ್ನೂ ಹುಯ್ದು ಡಬ್ಬಿ ತುಂಬಿಸಿಟ್ಟ ಮೇಲೇ ನಮ್ಮನ್ನು ಕರೆಯುತ್ತಿದ್ದರು. ನಿಮ್ಮಲ್ಲಿ ಕೇಳಿದ ಮೇಲೇ ಕಾವಲಿಗೆ ಹಿಟ್ಟು ಬೀಳುವುದು. ಅದು ತಿಳಿಯದೆ ಮದುವೆಯಾದ ಹೊಸದರಲ್ಲಿ ಒಂದೇ ದೋಸೆ ತಿಂದು, ಹಸಿದುಕೊಂಡು, ತಟ್ಟೆಯ ಮುಂದೆ ಕಾದು ಕೂತಿದ್ದೆ. “ಕೇಳಿದ್ರೆ ತಾನೇ ಹಾಕೋದು, ಹುಡ್ಗೀ?” ಅಂದರು ಅತ್ತೆ. ಪಟ್ಟಿಯನ್ನೂ ಹೀಗೆ ಮಾಡಬಹುದೆಂದು ನನಗೆ ಯುಗಾದಿಯ ಹೊತ್ತಿಗೇ ಹೊಳೆದಿತ್ತು. ನೀನು ಕೇಳುತ್ತೀಯ ಅಂತ ಕಾದೆ. ನೀನು ಅಕ್ಷಯಾಳನ್ನು ಕೇಳಿದೆ.

ಇನ್ನೊಂದು ಮಾತು. ಅವಳ ಪಟ್ಟಿ ಒಮ್ಮೆ ಮಾಡಿದ ಲೆಕ್ಕವನ್ನು ನೆನಪಿಡುವುದಿಲ್ಲ; ಮತ್ತೆ ಕೇಳಿದರೆ ಮತ್ತೆ ಮೊದಲಿಂದ ಮಾಡುತ್ತದೆ. ತಟ್ಟೆಯಲ್ಲಿರುವ ದೋಸೆಯನ್ನೇ ಇನ್ನೊಮ್ಮೆ ಹುಯ್ಯುವ ಸೊಸೆಯನ್ನು ಅತ್ತೆ ಸುಮ್ಮನೆ ಬಿಡುತ್ತಿದ್ದರೇ? ಅದನ್ನು ನಾನು ಸರಿಮಾಡಿದ್ದೇನೆ. ಫ್ಲಾಪಿಯಲ್ಲಿದೆ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸಿಟ್ಟು ಇನ್ನೂ ಇದೆ, ಪ್ರೀತಿಯೂ ಇದೆ.

ನಿನ್ನ,
ಆರಾಧನಾ

ಮರೆತಿದ್ದೆ: ಮುಂದಿನ ಗುರುವಾರದ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ತೆಗೆಸಿದ್ದೇನೆ. ನೀನು ಬಾ ಎನ್ನಲಿಲ್ಲ, ಗೊತ್ತು. ಈ ಸಲ ಕೇಳುವವರೆಗೂ ಕಾಯುವುದಿಲ್ಲ. ಫ್ಲಾಪಿ ನನ್ನ ಕೈಚೀಲದಲ್ಲೇ ಬರುತ್ತದೆ. ಶನಿವಾರ ಸಭೆಯಲ್ಲಿ ಮೂರು ಕುರ್ಚಿ ಹಾಕಿಸು. ನಡುವಿನದು ನನಗೆ.